ಆರಡಿ ಹಲಗೆಯ ಮೇಲೆ ನೆವಾರ್ಕ್: ಶಂಟಿಂಗ್ ಎಂಬ ಕೆಲಸದ ಚರಿತ್ರೆ

ಬೆಳಿಗ್ಗೆ ಫ್ರೀಮಾಂಟಿನ ಸೆಂಟರ್‌ವಿಲ್ ನಿಲ್ದಾಣದಲ್ಲಿ ರೈಲು ಹತ್ತಿ, ಸಾಂತಾ ಕ್ಲಾರಾದ ಗ್ರೇಟ್ ಅಮೆರಿಕ ನಿಲ್ದಾಣದಲ್ಲಿ ಇಳಿದು ಕಚೇರಿಗೆ ಹೋಗುವವರು ನಮ್ಮ ಸಂಘದಲ್ಲಿ ಹಲವರಿದ್ದಾರೆ. ಹತ್ತಿದ ಸ್ವಲ್ಪ ಹೊತ್ತಿಗೆ ರೈಲು ನೆವಾರ್ಕ್ ಊರನ್ನು ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಆಮೇಲೆ ಉಪ್ಪಿನ ಕೊಳಗಳು, ಜೌಗು ನೆಲ, ಕೆಸರಿನಲ್ಲಿ ಹೂತುಹೋಗುತ್ತಿರುವ ಕೆಲವು ಮರದ ಮನೆಗಳು. ಲ್ಯಾಪ್‌ಟಾಪಿನಿಂದ ತಲೆ ಎತ್ತಿದವರಿಗೆ ಅಷ್ಟು ಕಾಣುತ್ತದೆ. ಆ ದಾರಿ ಹಾಕಿ ಸುಮಾರು 150 ವರ್ಷಗಳಾದವು, ಒಂದು ಕಾಲದಲ್ಲಿ ಆ ದಾರಿಯ ಯಜಮಾನಿಕೆ ನಡೆದದ್ದೇ ನೆವಾರ್ಕ್‌ನಿಂದ ಎಂಬುದು ನೆವಾರ್ಕ್‌ನಲ್ಲಿ ಮನೆ ಮಾಡಿ ಬಹಳ ವರ್ಷವಾದರೂ ನನಗೆ ತಿಳಿದಿರಲಿಲ್ಲ.

ತಿಳಿದದ್ದು ಪುಸ್ತಕದಿಂದಲ್ಲ, ಆಟಿಕೆಯಿಂದ. ಮಗಳಿಗೆಂದು ತಂದ ಒಂದು ಎಂಜಿನ್ನು, ನಾಲ್ಕು ಡಬ್ಬಿಗಳನ್ನು ಗ್ಯಾರೇಜಿನಲ್ಲಿ ಆರಡಿ ಉದ್ದ, ಒಂದಡಿ ಅಗಲದ ಹಲಗೆಯ ಮೇಲೆ ಓಡಿಸಲು ಹೊರಟೆ. ಆರಡಿಯಲ್ಲಿ ರೈಲು ಸುತ್ತು ಹಾಕಲಾರದು, ಹಿಂದೆ ಮುಂದೆ ಹೋಗಬಹುದು ಅಷ್ಟೆ. ಹಾಗಾದರೆ ಯಾಕೆ ಹೋಗಬೇಕು, ಯಾಕೆ ಬರಬೇಕು? ಮಗಳು ಕೇಳಿದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಒಂದು ಊರಿನ ಚರಿತ್ರೆಯೂ ಒಂದು ಹವ್ಯಾಸದ ಚರಿತ್ರೆಯೂ ಒಟ್ಟಿಗೇ ಸಿಕ್ಕಿದವು. ಅವೆರಡನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೂರಡಿ ಹಳಿಯ ಊರು

ಸೌತ್ ಪೆಸಿಫಿಕ್ ಕೋಸ್ಟ್ ರೈಲ್‌ರೋಡ್ ಕಂಪನಿ ಹುಟ್ಟಿದ್ದು 1876ರಲ್ಲಿ. ಹಣ ಹಾಕಿದವನು ನೆವಾಡದ ಕಾಮ್‌ಸ್ಟಾಕ್ ಬೆಳ್ಳಿ ಗಣಿಗಳಿಂದ ಕೋಟ್ಯಧೀಶನಾದ ಜೇಮ್ಸ್ ಫೇರ್. ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ಹೋಟೆಲಿನ ಹೆಸರಿನಲ್ಲಿ ಇಂದಿಗೂ ಉಳಿದಿರುವವನು ಅವನೇ. ಕಂಪನಿ ನಡೆಸಿದವನು ಆಲ್ಫ್ರೆಡ್ ಡೇವಿಸ್. ಹಳಿಗಳ ನಡುವಿನ ಅಂತರ ಮೂರೇ ಅಡಿ. ಆಗಿನ ಕ್ಯಾಲಿಫೋರ್ನಿಯಾದ ರೈಲುಗಳ ಮೇಲೆ ಪ್ರಭುತ್ವ ಹೊಂದಿದ್ದ ಸದರ್ನ್ ಪೆಸಿಫಿಕ್ ಕಂಪನಿಯ ಹಳಿ ನಾಲ್ಕು ಅಡಿ ಎಂಟೂವರೆ ಇಂಚು. ಕಿರಿದಾದ ಹಳಿಗೆ ಖರ್ಚು ಕಡಿಮೆ, ಬೆಟ್ಟದ ತಿರುವುಗಳಿಗೆ ಅದು ಸುಲಭ. 1878ರಲ್ಲಿ ಅಲಮೇಡದಿಂದ ನೆವಾರ್ಕ್, ಆಲ್ವಿಸೋ, ಸ್ಯಾನ್ ಹೋಸೆ ಮೂಲಕ ಲಾಸ್ ಗ್ಯಾಟೋಸ್ ವರೆಗೆ ರೈಲು ಓಡಿತು. 1880ರಲ್ಲಿ ಬೆಟ್ಟ ದಾಟಿ ಸಾಂತಾ ಕ್ರೂಜ್ ಮುಟ್ಟಿತು. ಜೌಗಿನಲ್ಲಿ ಕಾಣುವ ಆ ಮರದ ಮನೆಗಳು ಡ್ರಾಬ್ರಿಡ್ಜ್ ಎಂಬ ಹಾಳೂರಿನವು. ದೋಣಿಗಳಿಗೆ ದಾರಿ ಬಿಡಲು ತೆರೆಯುವ ರೈಲು ಸೇತುವೆಗಳನ್ನು ಕಾಯುವವನಿಗೆ ಕಟ್ಟಿದ ಗುಡಿಸಲಿನಿಂದ ಆ ಊರು ಶುರುವಾಯಿತು.

ಅದೇ ವರ್ಷಗಳಲ್ಲಿ ನಮ್ಮ ಕಡೆ ಏನಾಗುತ್ತಿತ್ತು? 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಧಾತು–ಈಶ್ವರ ಸಂವತ್ಸರಗಳ ಬರ ತಿಂದುಹಾಕಿತು. ಹಸಿದವರಿಗೆ ಕೂಲಿ ಕೊಡುವ ಬರಗಾಲದ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ಮೀಟರ್ ಗೇಜ್ ದಾರಿಯ ಕೆಲಸ ಕೈಗೆತ್ತಿಕೊಂಡರು. ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ. ಒಂದು ಕಡೆ ಬೆಳ್ಳಿಯ ಹಣ, ಇನ್ನೊಂದು ಕಡೆ ಬರದ ಕೂಲಿ. ಆದರೂ ಕಿರಿದಾದ ಹಳಿ ಅಗ್ಗ ಎಂಬ ಲೆಕ್ಕ ಎರಡೂ ಕಡೆ ಒಂದೇ. ಪರಿಣಾಮವೂ ಒಂದೇ: ಮದರಾಸಿನಿಂದ ಬ್ರಾಡ್ ಗೇಜಿನಲ್ಲಿ ಬೆಂಗಳೂರಿಗೆ ಬಂದ ಮೂಟೆ ಮೈಸೂರಿಗೆ ಹೋಗಬೇಕಾದರೆ ಕೂಲಿಯವರ ಹೆಗಲೇರಿ ಇನ್ನೊಂದು ಡಬ್ಬಿಗೆ ಹೋಗಬೇಕು. ಇಲ್ಲಿಯೂ ಎರಡು ಅಳತೆಯ ಹಳಿ ಎದುರಾದಲ್ಲೆಲ್ಲ ಅದೇ ಪಾಡು.

ಹೊಸ ಕಂಪನಿ ತನ್ನ ಕಾರ್ಯಾಗಾರಗಳನ್ನು ನೆವಾರ್ಕ್‌ನಲ್ಲಿ ಕಟ್ಟಿತು. ಪಕ್ಕದಲ್ಲೇ ಥಾಮಸ್ ಮತ್ತು ಮಾರ್ಟಿನ್ ಕಾರ್ಟರ್ ಎಂಬ ಅಣ್ಣತಮ್ಮಂದಿರು ರೈಲು ಡಬ್ಬಿ ಮಾಡುವ ಕಾರ್ಖಾನೆ ತೆರೆದರು. 1874ರಲ್ಲಿ ಮಾಂಟೆರೆ–ಸಲಿನಾಸ್ ನಡುವಿನ ಕಿರುಹಳಿ ದಾರಿಯ ಕೆಲಸದಿಂದ ಶುರುಮಾಡಿದವರು, ನೆವಾರ್ಕ್‌ನಲ್ಲಿ ನೆಲೆ ನಿಂತು ಪಶ್ಚಿಮ ಕರಾವಳಿಯ ಅನೇಕ ಕಿರುಹಳಿ ಕಂಪನಿಗಳಿಗೆ ಮರದ ಡಬ್ಬಿಗಳನ್ನು ಮಾಡಿಕೊಟ್ಟರು. ಊರಿನಿಂದ ಬಂದ ಅಪ್ಪ ಅಮ್ಮನನ್ನು ನಾವೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಪೊವೆಲ್ ಬೀದಿಯ ಕೇಬಲ್ ಕಾರಿನಲ್ಲಿ ಕೂರಿಸುತ್ತೇವಲ್ಲ, ಆ ದಾರಿಯ ಕೆಲವು ಕಾರುಗಳು 1893–94ರಲ್ಲಿ ನೆವಾರ್ಕ್‌ನ ಕಾರ್ಟರ್ ಕಾರ್ಖಾನೆಯಲ್ಲಿ ಹುಟ್ಟಿದವು. ನೆವಾರ್ಕ್‌ನಿಂದ ಸೆಂಟರ್‌ವಿಲ್‌ಗೆ ಕುದುರೆ ಎಳೆಯುವ ಒಂದು ಪುಟ್ಟ ಶಾಖೆಯೂ ಇತ್ತು.

1887ರಲ್ಲಿ ಸದರ್ನ್ ಪೆಸಿಫಿಕ್ ಇಡೀ ದಾರಿಯನ್ನು ಗುತ್ತಿಗೆಗೆ ತೆಗೆದುಕೊಂಡಿತು. 1902ರ ಹೊತ್ತಿಗೆ ಕಾರ್ಟರ್ ಕಾರ್ಖಾನೆ ಮುಚ್ಚಿತು. 1906ರ ಭೂಕಂಪದ ನಂತರ ಹಳಿಗಳನ್ನು ಅಗಲ ಮಾಡಿ ಮುಗಿಸಿದ್ದು 1909ರಲ್ಲಿ. ಮರುವರ್ಷ, 1910ರಲ್ಲಿ, ನೆವಾರ್ಕ್ ಕಡೆಯಿಂದ ಆಚೆ ದಡಕ್ಕೆ ಡಂಬಾರ್ಟನ್ ರೈಲು ಸೇತುವೆಯಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಅಡ್ಡಲಾಗಿ ಕಟ್ಟಿದ ಮೊದಲ ಸೇತುವೆ ಅದು. ನಾಲ್ಕು ದಿಕ್ಕಿನ ಸರಕು ನೆವಾರ್ಕ್ ಯಾರ್ಡಿನಲ್ಲಿ ಕೂಡಿ, ಬೇರೆಯಾಗಿ, ಮತ್ತೆ ಹೊರಡುತ್ತಿತ್ತು. ಊರೊಳಗೆ ಜೇಮ್ಸ್ ಗ್ರಹಾಂ ಕಂಪನಿಯ ಎರಕದ ಕಾರ್ಖಾನೆ. ವೆಜ್‌ವುಡ್ ಎಂಬ ಹೆಸರಿನ ಒಲೆಗಳು ಅಲ್ಲಿಂದ ಬಂದವು. ಕೊಲ್ಲಿಯ ಅಂಚಿನಲ್ಲಿ ಬಿಸಿಲಿಗೆ ಒಣಗಿಸಿದ ಉಪ್ಪು. ಸುತ್ತಲೂ ಹಣ್ಣು ತರಕಾರಿಯ ತೋಟ.

ಶಂಟಿಂಗ್ ಎಂದರೆ

ನಾವು ‘ಶಂಟಿಂಗ್’ ಎನ್ನುವುದನ್ನು ಅಮೆರಿಕದವರು ‘ಸ್ವಿಚಿಂಗ್’ ಎನ್ನುತ್ತಾರೆ. ನಮ್ಮ ‘ಪಾಯಿಂಟ್’ ಅವರ ‘ಸ್ವಿಚ್’. ಕೆಲಸ ಒಂದೇ: ಬಂದ ಗೂಡ್ಸ್ ಗಾಡಿಯಿಂದ ಬೇಕಾದ ಡಬ್ಬಿಯನ್ನು ಬಿಡಿಸಿ, ಬೇಕಾದ ಬಾಗಿಲ ಮುಂದೆ ನಿಲ್ಲಿಸಿ, ಅಲ್ಲಿದ್ದ ಡಬ್ಬಿಯನ್ನು ಎತ್ತಿಕೊಂಡು ಹೋಗುವುದು.

ಹೇಳುವಷ್ಟು ಸುಲಭವಲ್ಲ. ಎಂಜಿನ್ ಮುಂದೆ, ಡಬ್ಬಿಗಳು ಹಿಂದೆ ಬರುತ್ತಿವೆ ಎನ್ನಿ. ಕಾರ್ಖಾನೆಯ ಸೈಡಿಂಗ್ ಹಿಂದಕ್ಕೆ ಕವಲೊಡೆದಿದ್ದರೆ, ಅದನ್ನು ದಾಟಿ ಮುಂದೆ ಹೋಗಿ, ಡಬ್ಬಿಯನ್ನು ಹಿಮ್ಮುಖವಾಗಿ ತಳ್ಳಿ ಬಿಟ್ಟುಬರಬಹುದು. ಆದರೆ ಸೈಡಿಂಗ್ ಮುಂದಕ್ಕೆ ಕವಲೊಡೆದಿದ್ದರೆ, ಮೊದಲು ಒಳಗೆ ಹೋಗುವುದು ಎಂಜಿನ್ನೇ. ಅದರ ಬೆನ್ನಿಗೆ ಡಬ್ಬಿ. ಎಂಜಿನ್ ಒಳಗೇ ಸಿಕ್ಕಿಬೀಳುತ್ತದೆ. ಆಗ ಲೂಪ್ ಲೈನ್ ಬೇಕು. ಡಬ್ಬಿಗಳನ್ನು ಒಂದು ಹಳಿಯಲ್ಲಿ ಬಿಟ್ಟು, ಎಂಜಿನ್ ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಹಿಂದಿನಿಂದ ಹಿಡಿದು ತಳ್ಳಬೇಕು. ಲೂಪಿನಲ್ಲಿ ಮೂರು ಡಬ್ಬಿಗೆ ಮಾತ್ರ ಜಾಗವಿದ್ದು, ಬಂದದ್ದು ನಾಲ್ಕಾದರೆ? ಅಲ್ಲಿಂದ ಯೋಚನೆ ಶುರು.

ನಮ್ಮ ತಾತ ಅರಸೀಕೆರೆ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಮೀಟರ್ ಗೇಜಿನ ಕಾಲ. ‘ತಾತನಿಗೆ ರೈಲ್ವೆಯಲ್ಲಿ ಕೆಲಸ’ ಎಂದು ನಾವು ಹೇಳಿಕೊಂಡೆವೇ ಹೊರತು ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತಿದ್ದೆವು. ಹಳಿಯ ಮೇಲೆ ಎಣ್ಣೆ ಕೈಯಲ್ಲಿ ನಿಲ್ಲುವ ಕೆಲಸ ನಮಗೆ ದೊಡ್ಡದಾಗಿ ಕಂಡಿರಲಿಲ್ಲ. ಆರಡಿ ಹಲಗೆಯ ಮುಂದೆ ನಿಂತು ನಾಲ್ಕು ಡಬ್ಬಿ ಹೊಂದಿಸಲಾಗದೆ ಅರ್ಧ ಗಂಟೆ ಪರದಾಡಿದ ದಿನ ತಾತನ ನೆನಪಾಯಿತು. ಅವರು ಮಾಡುತ್ತಿದ್ದದ್ದು ಇದನ್ನೇ, ರಾತ್ರಿ ಹೊತ್ತು, ಮಳೆಯಲ್ಲಿ, ಕೈಯಲ್ಲೊಂದು ಲಾಟೀನು ಹಿಡಿದು.

ಆಟಿಕೆಗೆ ಕೆಲಸ ಕೊಟ್ಟವರು

ಮಾದರಿ ರೈಲು ಎಂದರೆ ಮೊದಲು ಸುತ್ತು ಹಾಕುವುದೇ ಆಗಿತ್ತು. ಅದಕ್ಕೆ ‘ಯಾಕೆ’ ಎಂಬುದನ್ನು ಕೊಟ್ಟವರಲ್ಲಿ ಮುಖ್ಯನಾದವನು ನ್ಯೂ ಆರ್ಲಿಯನ್ಸ್‌ನ ಫ್ರ್ಯಾಂಕ್ ಎಲಿಸನ್. ರಂಗಭೂಮಿಯ ಪರಿಚಯವಿದ್ದ ಈತ 1944ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ಲೇಔಟನ್ನು ರಂಗಮಂಚಕ್ಕೆ, ರೈಲುಗಳನ್ನು ಪಾತ್ರಧಾರಿಗಳಿಗೆ, ವೇಳಾಪಟ್ಟಿಯನ್ನು ನಾಟಕದ ಪಠ್ಯಕ್ಕೆ ಹೋಲಿಸಿದ. ಮುಂದೆ ಪ್ರತಿ ಡಬ್ಬಿಗೂ ಒಂದು ಚೀಟಿ ಬಂತು: ಎಲ್ಲಿಂದ ಹೊರಟಿತು, ಏನು ಹೊತ್ತಿದೆ, ಯಾರಿಗೆ ಸೇರಬೇಕು. ನಿಜವಾದ ರೈಲ್ವೆಯ ಸರಕು ರಸೀದಿಯ ಚಿಕ್ಕ ರೂಪ ಅದು.

ಜಾಗ ಇಲ್ಲದವರಿಗೆ ದಾರಿ ತೋರಿಸಿದವರು ಇಬ್ಬರು. ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನೂಕ್ ಸೈಡಿಂಗ್ಸ್’ನಲ್ಲಿ ಎರಡೇ ಪಾಯಿಂಟು, ಮೂರು ಸೈಡಿಂಗು. ಒಂದರಲ್ಲಿ ಐದು ಡಬ್ಬಿ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಟು ಡಬ್ಬಿಗಳಲ್ಲಿ ಐದನ್ನು ಚೀಟಿ ಎತ್ತಿದ ಕ್ರಮದಲ್ಲೇ ಜೋಡಿಸಬೇಕು. ಹಾಗೆ ಬರಬಹುದಾದ ಕ್ರಮಗಳು 8×7×6×5×4, ಅಂದರೆ 6,720. ಪುಸ್ತಕದ ಕಪಾಟಿನ ಮೇಲೆ ಹಿಡಿಸುವ ಈ ಆಟದ ಬಗ್ಗೆ ಗಣಿತಜ್ಞರೂ ಪ್ರಬಂಧ ಬರೆದಿದ್ದಾರೆ.

ಇನ್ನೊಬ್ಬ ನಮ್ಮ ನೆರೆಯವನೇ, ಮಾಂಟೆರೆಯ ಜಾನ್ ಅಲೆನ್. ಕಾರ್ಟರ್ ಸೋದರರು ಕೆಲಸ ಶುರುಮಾಡಿದ ಊರಿನಲ್ಲೇ, ಅವರಿಗಿಂತ ಬಹಳ ತಡವಾಗಿ, ಈತ ತನ್ನ ಮನೆಯಲ್ಲಿ ಬೆಟ್ಟ ಕಣಿವೆಗಳ ಸಮೇತ ಒಂದು ದೊಡ್ಡ ರೈಲು ಲೋಕವನ್ನೇ ಕಟ್ಟಿದ್ದ. 1972ರ ನವೆಂಬರಿನಲ್ಲಿ ಅವನ ‘ಟೈಮ್‌ಸೇವರ್’ ಪ್ರಕಟವಾಯಿತು. ಐದು ಪಾಯಿಂಟು, ಒಂದು ಗಿಡ್ಡ ಲೂಪು, ಕೈಯಲ್ಲಿ ಗಡಿಯಾರ. ಯಾರು ಬೇಗ ಮುಗಿಸುತ್ತಾರೋ ಅವರು ಗೆದ್ದರು. ಎರಡು ತಿಂಗಳಲ್ಲಿ, 1973ರ ಜನವರಿಯಲ್ಲಿ, ಅಲೆನ್ ತೀರಿಕೊಂಡ. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಅವನ ದೊಡ್ಡ ಲೇಔಟು ನಾಶವಾಯಿತು. ಉಳಿದದ್ದು ಹಲಗೆಯ ಮೇಲೆ ಹಿಡಿಸುವ ಆ ಚಿಕ್ಕ ಆಟ.

ಆದರೆ ಟೈಮ್‌ಸೇವರ್ ಒಂದು ತಪ್ಪು ಅಭ್ಯಾಸವನ್ನೂ ಕಲಿಸಿತು ಎಂದು ಆಮೇಲಿನವರು ವಾದಿಸಿದರು. ಅದು ಒಗಟು, ಬೇಕೆಂದೇ ಜಾಗ ಕಿರಿದು ಮಾಡಿ ಸಿಕ್ಕು ಹಾಕಿದ್ದು. ನಿಜವಾದ ರೈಲ್ವೆ ಸಿಕ್ಕು ಹಾಕಿಕೊಳ್ಳಲು ಹಳಿ ಹಾಕುವುದಿಲ್ಲ. ಅಲ್ಲಿ ಬೇಗ ಮುಗಿಸುವುದಕ್ಕಿಂತ ಸರಿಯಾಗಿ, ಯಾರಿಗೂ ಏಟಾಗದಂತೆ ಮುಗಿಸುವುದು ಮುಖ್ಯ. ಕಡಿಮೆ ಹಳಿ, ನಿಧಾನದ ಎಂಜಿನ್, ಪ್ರತಿ ಹೆಜ್ಜೆಗೂ ನಿಜದಲ್ಲಿ ಹಿಡಿಯುವಷ್ಟೇ ಸಮಯ: ಇದು ಈಗಿನ ‘ವಾಸ್ತವ ಶಂಟಿಂಗ್’ ಪಂಥದವರ ಮಾತು. ನನ್ನ ಮನಸ್ಸು ಒಪ್ಪಿದ್ದು ಇವರ ಕಡೆಗೆ.

ಗ್ಯಾರೇಜಿನ ನೆವಾರ್ಕ್

ನಮ್ಮ ಹಲಗೆ 1930ರ ದಶಕದ ನೆವಾರ್ಕ್ ಎಂದು ಇಟ್ಟುಕೊಂಡೆವು. ಯಾರ್ಡಿನ ಯಥಾಪ್ರತಿಯಲ್ಲ, ಸಾರಾಂಶ. ಒಂದು ಮುಖ್ಯ ಹಳಿ, ಮೂರು ಡಬ್ಬಿಯ ಲೂಪು, ಮೂರು ಸೈಡಿಂಗು: ಒಲೆ ಕಾರ್ಖಾನೆ, ಉಪ್ಪಿನ ಗೋದಾಮು, ಮತ್ತು ಯಾವ ರೈತನಾದರೂ ಗಾಡಿ ತಂದು ತುಂಬಿಸಬಹುದಾದ ಊರಿನ ಸಾರ್ವಜನಿಕ ಸೈಡಿಂಗು. ಅಳತೆ ಎಚ್‌ಒ, ಅಂದರೆ ನಿಜದ 87ನೇ ಒಂದು ಭಾಗ. 40 ಅಡಿಯ ಡಬ್ಬಿ ಇಲ್ಲಿ ಐದೂವರೆ ಇಂಚು.

ಕೆಲಸ ಚೀಟಿಯಿಂದ ಶುರು. ಒಂದು ಚೀಟಿ: ಎರಕಕ್ಕೆ ಬೇಕಾದ ಕೋಕ್ ಕಲ್ಲಿದ್ದಲು, ಒಲೆ ಕಾರ್ಖಾನೆಗೆ. ಇನ್ನೊಂದು: ಖಾಲಿ ಡಬ್ಬಿ, ಉಪ್ಪಿನ ಗೋದಾಮಿಗೆ. ಮೂರನೆಯದು: ಒಲೆ ತುಂಬಿದ ಡಬ್ಬಿ, ಕಾರ್ಖಾನೆಯಿಂದ ಹೊರಕ್ಕೆ. ಕಾರ್ಖಾನೆಯ ಸೈಡಿಂಗಿನಲ್ಲಿ ಹೊರಗೆ ಹೋಗಬೇಕಾದ ಡಬ್ಬಿಯ ಮುಂದೆ ಇನ್ನೂ ಅರ್ಧ ಖಾಲಿಯಾದ ಮರಳಿನ ಡಬ್ಬಿ ನಿಂತಿದೆ. ಅದನ್ನು ಹೊರಗೆಳೆಯಬೇಕು, ಒಲೆಯ ಡಬ್ಬಿ ತೆಗೆಯಬೇಕು, ಕೋಕ್ ಒಳಗಿಡಬೇಕು, ಮರಳಿನ ಡಬ್ಬಿಯನ್ನು ಮತ್ತೆ ಅದೇ ಬಾಗಿಲ ಮುಂದೆ ನಿಲ್ಲಿಸಬೇಕು. ಒಂದಡಿ ಆಚೀಚೆ ನಿಲ್ಲಿಸಿದರೆ ಅಲ್ಲಿಯ ಕೂಲಿ ಮರಳನ್ನು ಆ ಒಂದಡಿ ಹೆಚ್ಚಿಗೆ ಹೊರಬೇಕು.

ಯಾರ್ಡಿನಲ್ಲಿ ಎಂಜಿನ್ ಗಂಟೆಗೆ ಐದು ಮೈಲಿ ವೇಗದಲ್ಲಿ ಹೋಗುತ್ತದೆ ಎಂದರೆ ಎಚ್‌ಒ ಅಳತೆಯಲ್ಲಿ ಅದು ಸೆಕೆಂಡಿಗೆ ಒಂದೇ ಇಂಚು. ಹಲಗೆಯ ಈ ತುದಿಯಿಂದ ಆ ತುದಿಗೆ ಒಂದು ನಿಮಿಷದ ಮೇಲೆ ಹನ್ನೆರಡು ಸೆಕೆಂಡು. ನಿಂತ ಮೇಲೆ ಬ್ರೇಕ್‌ಮನ್ ಇಳಿಯಬೇಕು, ಪಾಯಿಂಟಿನವರೆಗೆ ನಡೆಯಬೇಕು, ಬೀಗ ತೆಗೆದು ಹಳಿ ಬದಲಿಸಿ ಕೈ ತೋರಿಸಬೇಕು. ಮನುಷ್ಯ ಎರಡು ಡಬ್ಬಿಯ ಉದ್ದ ನಡೆಯಲು ಸುಮಾರು 20 ಸೆಕೆಂಡು ಬೇಕು. ನಾವು 20 ಎಣಿಸುತ್ತೇವೆ. ಥಾರ್ನ್‌ಟನ್ ರಸ್ತೆಯನ್ನು ದಾಟುವ ಮುನ್ನ ರೈಲು ನಿಲ್ಲಬೇಕು, ಒಬ್ಬ ಇಳಿದು ಬಾವುಟ ಹಿಡಿದು ಬಂಡಿ ಮೋಟಾರುಗಳನ್ನು ತಡೆಯಬೇಕು. ಒಗಟಾಗಿ ಆಡಿದರೆ ಏಳೆಂಟು ನಿಮಿಷದ ಕೆಲಸ, ಹೀಗೆ ಮಾಡಿದರೆ ಮುಕ್ಕಾಲು ಗಂಟೆ.

ಈ ನಿಧಾನದಲ್ಲೇ ಚರಿತ್ರೆ ಕಣ್ಣಿಗೆ ಬೀಳುವುದು. ಚೀಟಿ ಬರೆಯಲು ಕೂತರೆ ಸುಮ್ಮನೆ ಬರೆಯಲಾಗುವುದಿಲ್ಲ. ಉಪ್ಪು ಯಾರಿಗೆ ಹೋಗುತ್ತಿತ್ತು? ಒಲೆ ಮಾಡಲು ಏನೇನು ಬೇಕು? ಪಕ್ಕದ ಆಲ್ವರಾಡೋದಲ್ಲಿ, ಅಂದರೆ ಈಗಿನ ಯೂನಿಯನ್ ಸಿಟಿಯಲ್ಲಿ, 1870ರಲ್ಲೇ ಬೀಟ್ ಗೆಡ್ಡೆಯಿಂದ ಸಕ್ಕರೆ ಮಾಡಿದ್ದರು. ಅಮೆರಿಕದಲ್ಲಿ ಹಾಗೆ ಯಶಸ್ವಿಯಾದ ಮೊದಲ ಕಾರ್ಖಾನೆ ಅದು. ಹಾಗಾದರೆ ಬೀಟ್ ಗೆಡ್ಡೆಯ ಡಬ್ಬಿಗೂ ಒಂದು ಚೀಟಿ ಬರೆದೆವು. ಒಂದೊಂದು ಚೀಟಿಯೂ ಊರಿನ ಒಂದೊಂದು ಬಾಗಿಲು ತೆರೆಸಿತು. 1950ರ ದಶಕದಲ್ಲಿ ಸುತ್ತಲಿನ ಐದು ಊರು ಸೇರಿ ಫ್ರೀಮಾಂಟ್ ಆಗುವಾಗ ನೆವಾರ್ಕ್ ಮಾತ್ರ ಸೇರಲಿಲ್ಲ, 1955ರಲ್ಲಿ ತಾನೇ ಒಂದು ನಗರವಾಯಿತು. ಫ್ರೀಮಾಂಟಿನ ನಡುವೆ ಈ ಪುಟ್ಟ ಊರು ಯಾಕೆ ಬೇರೆಯಾಗಿ ನಿಂತಿದೆ ಎಂದು ನಾನು ಬಹಳ ಸಲ ಯೋಚಿಸಿದ್ದುಂಟು. ಯಾರ್ಡು, ಕಾರ್ಖಾನೆ, ಉಪ್ಪು ಇವನ್ನೆಲ್ಲ ಹಲಗೆಯ ಮೇಲೆ ಜೋಡಿಸಿದ ಮೇಲೆ ಆ ಊರಿನ ಸ್ವಂತಿಕೆ ನನಗೆ ಅಷ್ಟು ವಿಚಿತ್ರವಾಗಿ ಕಾಣಲಿಲ್ಲ.

ಹಲಗೆಯ ಮೇಲೆ ಕಾಣದ ಕೈಗಳು

ಮಾದರಿ ಡಬ್ಬಿಗಳು ತಾಗಿದರೆ ಸಾಕು, ಕೊಂಡಿ ತಾನೇ ಕಚ್ಚಿಕೊಳ್ಳುತ್ತದೆ. ಕಾರ್ಟರ್ ಸೋದರರ ಕಾಲದ ಡಬ್ಬಿಗಳು ಹಾಗಿರಲಿಲ್ಲ. ಒಂದು ಕಬ್ಬಿಣದ ಬಳೆ, ಒಂದು ಗೂಟ. ಡಬ್ಬಿ ಹತ್ತಿರ ಬರುವಾಗ ಬ್ರೇಕ್‌ಮನ್ ಎರಡರ ನಡುವೆ ನಿಂತು, ಬಳೆಯನ್ನು ಕೈಯಿಂದ ಎತ್ತಿ ಹಿಡಿದು, ಸರಿಯಾದ ಗಳಿಗೆಯಲ್ಲಿ ಗೂಟ ಇಳಿಸಬೇಕು. ಗಳಿಗೆ ತಪ್ಪಿದರೆ ಬೆರಳು ಹೋಯಿತು, ಕೆಲವೊಮ್ಮೆ ಪ್ರಾಣವೇ ಹೋಯಿತು. ತಾನೇ ಕಚ್ಚುವ ಕೊಂಡಿಗೆ ಈಲೈ ಜ್ಯಾನಿ 1873ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಕಡ್ಡಾಯ ಎಂಬ ಕಾನೂನು ಬಂದದ್ದು 1893ರಲ್ಲಿ, ಜಾರಿಯಾದದ್ದು 1900ರಲ್ಲಿ. ನಡುವಿನ ವರ್ಷಗಳ ಬೆಲೆಯನ್ನು ತೆತ್ತವರು ಬ್ರೇಕ್‌ಮನ್‌ಗಳು.

ಇನ್ನೂ ಕೆಲವು ಕೈಗಳು ನಮ್ಮ ಹಲಗೆಗೆ ಬರುವುದೇ ಇಲ್ಲ. ಈ ದಾರಿಯ ಬೆಟ್ಟದ ಭಾಗದಲ್ಲಿ ಸುರಂಗ ತೋಡಿದವರು ಚೀನೀ ಕೂಲಿಗಳು. 1879ರ ನವೆಂಬರಿನಲ್ಲಿ ನೆಲದಿಂದ ಒಸರುತ್ತಿದ್ದ ಅನಿಲಕ್ಕೆ ಬೆಂಕಿ ತಗುಲಿ ಸುರಂಗ ಸಿಡಿದಾಗ 30ಕ್ಕೂ ಹೆಚ್ಚು ಮಂದಿ ಸತ್ತರು. ಧನಿಕರ ಹೆಸರು ಹೋಟೆಲಿಗೆ ಬಂತು. ಅವರ ಹೆಸರು ಎಲ್ಲಿಯೂ ಬರಲಿಲ್ಲ. ಬೆಂಗಳೂರು–ಮೈಸೂರು ದಾರಿಗೆ ಮಣ್ಣು ಹೊತ್ತ ಬರಗಾಲದ ಕೂಲಿಗಳ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು?

ತಾತ ಒಂದು ಮಾತನ್ನು ಮಕ್ಕಳಾದ ನಮಗೆ ಪದೇ ಪದೇ ಹೇಳುತ್ತಿದ್ದರು: ‘ಡಬ್ಬಿ ನಿಂತಿದೆ ಅಂತ ಮಧ್ಯ ನುಗ್ಗಬೇಡ್ರೋ, ಡ್ರೈವರ್ ನಿನ್ನ ಕೈ ನೋಡಿದಾನೆ ಅಂತ ಗೊತ್ತಾದ ಮೇಲೆ ಕಾಲಿಡು.’ ಆಗ ಅದು ಮುದುಕರ ಗದರಿಕೆ ಎನಿಸುತ್ತಿತ್ತು. ಈಗ ನಮ್ಮ ಗ್ಯಾರೇಜಿನ ಮೊದಲ ನಿಯಮ ಅದೇ. ಬ್ರೇಕ್‌ಮನ್ ಪಾತ್ರದವರು ಕೈ ಎತ್ತಬೇಕು, ಎಂಜಿನ್ ನಡೆಸುವವರು ಅದನ್ನು ಕಂಡು ಒಮ್ಮೆ ಸೀಟಿ ಹಾಕಬೇಕು, ಆಮೇಲೆ ಕೊಂಡಿ. ಬಂದ ಮಕ್ಕಳು ಮೊದಲ ಐದು ನಿಮಿಷ ಬೇಸರಪಡುತ್ತಾರೆ. ಆಮೇಲೆ ಯಾರಾದರೂ ಕೈ ಕಾಣುವ ಮೊದಲೇ ಎಂಜಿನ್ ಸರಿಸಿದರೆ ಅವರೇ ಕೂಗಿ ನಿಲ್ಲಿಸುತ್ತಾರೆ.

ನೋಡಬೇಕೆನ್ನುವವರಿಗೆ

ಡಂಬಾರ್ಟನ್ ರೈಲು ಸೇತುವೆಯ ಮೇಲೆ ಸರಕು ಸಾಗಣೆ 1982ರಲ್ಲಿ ನಿಂತಿತು. 1998ರ ಬೆಂಕಿಯಲ್ಲಿ ಅದರ ಪಶ್ಚಿಮದ ಮರದ ಭಾಗ ಸುಟ್ಟಿತು. ಕಾರು ಸೇತುವೆಯ ಮೇಲೆ ಹೋಗುವಾಗ ಪಕ್ಕದಲ್ಲಿ ತುಕ್ಕು ಹಿಡಿದು ನಿಂತಿರುವುದು ಅದೇ. ಕಾರ್ಟರ್ ಸೋದರರ ಕಾಲದ ಮರದ ಡಬ್ಬಿಗಳನ್ನು ಆರ್ಡೆನ್‌ವುಡ್ ಹಳೆಯ ತೋಟದಲ್ಲಿ ಸ್ವಯಂಸೇವಕರು ಹಲಗೆ ಹಲಗೆಯಾಗಿ ದುರಸ್ತಿ ಮಾಡಿ ಉಳಿಸಿದ್ದಾರೆ. ಅಲ್ಲಿಯ ಕಿರುಹಳಿ ರೈಲಿನಲ್ಲಿ ಮಕ್ಕಳು ಕೂರಬಹುದು. ನೈಲ್ಸ್‌ನ ಹಳೆಯ ಡಿಪೋದಲ್ಲಿ ಮಾದರಿ ರೈಲು ಸಂಘದವರಿದ್ದಾರೆ. ಊರಿಗೆ ಹೋದಾಗ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಇದ್ದೇ ಇದೆ. 1979ರಿಂದ ಅದು ನಮ್ಮ ಮೀಟರ್ ಗೇಜಿನ ನೆನಪನ್ನು ಕಾಯುತ್ತಿದೆ.

ದೊಡ್ಡ ಜಾಗ, ದೊಡ್ಡ ಖರ್ಚು ಬೇಕಿಲ್ಲ. ಒಂದು ಹಲಗೆ, ಎರಡು ಪಾಯಿಂಟು, ಎಂಟು ಡಬ್ಬಿ ಸಾಕು. ಆದರೆ ಚೀಟಿಗಳನ್ನು ಮಾತ್ರ ನಿಮ್ಮ ಊರಿನ ಮೇಲೆ ಬರೆಯಿರಿ, ಅದು ನೆವಾರ್ಕ್ ಆಗಲಿ, ಅರಸೀಕೆರೆಯಾಗಲಿ. ನಮ್ಮ ಮಗಳು ಹೋದ ತಿಂಗಳು ಇನ್ನೊಂದು ಹಲಗೆ ಕೇಳಿದ್ದಾಳೆ. ಅದಕ್ಕೆ ಮೊದಲ ಚೀಟಿಯನ್ನು ಅವಳೇ ಬರೆದಿಟ್ಟಿದ್ದಾಳೆ: ಕೊಬ್ಬರಿ, ಅರಸೀಕೆರೆಯಿಂದ. ‘ಶಂಟಿಂಗ್ ಮಾಡಿದವರು’ ಎಂದು ತಾನೇ ಒಂದು ಸಾಲು ಸೇರಿಸಿ, ಎದುರಿಗೆ ಮುತ್ತಾತನ ಹೆಸರು ಬರೆದಿದ್ದಾಳೆ.